ಕಡಲಹಕ್ಕಿ ತಿಂದ ಎಡೆ

ಡಾಕ್ಟರ್ ಮುರಳೀಧರ ಮಾತು ಕೊಟ್ಟಿದ್ದು 1998ರ ಬೇಸಿಗೆಯಲ್ಲಿ, ಸೌತ್ ಕೆರೊಲಿನಾದ ಮರ್ಟಲ್ ಬೀಚಿನ ಒಂದು ಅಗ್ಗದ ಮೋಟೆಲಿನಲ್ಲಿ. ಕೋಣೆಯ ಏಸಿ ಕೆಟ್ಟಿತ್ತು. ಬಾತ್‌ರೂಮಿನ ಸಿಂಕಿನ ಪಕ್ಕ ಕದ್ದುಮುಚ್ಚಿ ಇಟ್ಟ ರೈಸ್ ಕುಕ್ಕರಿನಲ್ಲಿ ಅನ್ನ ಬೇಯುತ್ತಿತ್ತು. ಡಾಕ್ಟರು ಒಂದು ಮ್ಯಾಗಜಿನ್ ಬಿಡಿಸಿ ಎಲ್ಲರ ಮುಂದೆ ಹಿಡಿದರು. ಗ್ರೀಸಿನ ಪಾರೋಸ್ ದ್ವೀಪ. ಗುಡ್ಡದ ಮೈಗೆ ಅಂಟಿಕೊಂಡಂತೆ ಒಂದು ಬಿಳಿ ಹೋಟೆಲು. ಕೋಣೆಯ ಬಾಗಿಲಿನಿಂದಲೇ ಕಡಲಿಗೆ ಇಳಿಯುವ ಕಲ್ಲಿನ ಮೆಟ್ಟಿಲು.

"ರಿಟೈರ್ ಆದ್ಮೇಲೆ ನಾವು ನಾಲ್ಕೂ ಜನ ಇಲ್ಲಿಗೆ ಹೋಗೋದು. ಮಾತು ಅಂದ್ರೆ ಮಾತು."

"ಮೊದಲು ಈ ಸಾರಿನ ವಾಸನೆ ಮ್ಯಾನೇಜರ್ ಮೂಗಿಗೆ ಹೋಗದೆ ಇರೋ ಹಾಗೆ ನೋಡ್ಕೊಳಿ," ಎಂದರು ಹೆಂಡತಿ ಅನಸೂಯ. ಡಾಕ್ಟರ ಜೀವದ ಗೆಳೆಯ ಅಶ್ವತ್ಥ, ಅವರ ಹೆಂಡತಿ ವಿದ್ಯಾವತಿ ಬಿದ್ದು ಬಿದ್ದು ನಕ್ಕರು.

ಆಮೇಲೆ ಡಾಕ್ಟರು ಹೃದ್ರೋಗದ ಯಾವ ಕಾನ್ಫರೆನ್ಸಿಗೆ ಹೋದರೂ ಆ ಬಿಳಿ ಹೋಟೆಲಿನ ಕಂಪನಿಯದೇ ಹೋಟೆಲುಗಳಲ್ಲಿ ಉಳಿದರು. ಅಲ್ಲಿ ಸಿಗುವ, ಮುಂದೆ ಪುಕ್ಕಟೆ ಕೋಣೆ ಕೊಡಿಸುವ ಪಾಯಿಂಟುಗಳನ್ನು ಒಂದೇ ಅಕೌಂಟಿನಲ್ಲಿ ಕೂಡಿಸುತ್ತ ಬಂದರು. ಮಗ ಎಷ್ಟು ಕಾಡಿದರೂ ಡಿಸ್ನಿಗೆಂದು ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ. 2020ರ ಮೇ 13ರಂದು ವರ್ಜೀನಿಯಾದ ಫೇರ್‌ಫ್ಯಾಕ್ಸಿನ ಆಸ್ಪತ್ರೆಯಲ್ಲಿ, ಕೋವಿಡ್ ವಾರ್ಡಿನಲ್ಲಿ, ಅವರು ತೀರಿಕೊಂಡರು.

ಆದ್ದರಿಂದ 2024ರ ಜೂನ್ 11ರ ಬೆಳಿಗ್ಗೆ ಡಿಟೆಕ್ಟಿವ್ ಯಾಮಿನಿಯ ಮೇಜಿನ ಮೇಲೆ ಅನಸೂಯ ಇಟ್ಟ ಕಾಗದ ವಿಚಿತ್ರವಾಗಿತ್ತು. ಅದು ಒಂದು ಇಮೇಲಿನ ಪ್ರಿಂಟು. ಪ್ರಿಯ ಡಾಕ್ಟರ್ ಮುರಳೀಧರ, ಪಾರೋಸಿನ ನಮ್ಮ ಹೋಟೆಲಿನಲ್ಲಿ ಐದು ರಾತ್ರಿ ತಂಗಿದ್ದಕ್ಕೆ ವಂದನೆಗಳು, ಕಡಲು ನಿಮಗೆ ಹಿಡಿಸಿತೇ, ಎಂದು ಹೋಟೆಲಿನವರು ಕೇಳಿದ್ದರು.

"ಸತ್ತೋರನ್ನ ಕೇಳಿದಾರೆ ನೋಡಮ್ಮ, ಕಡಲು ಹಿಡಿಸ್ತಾ ಅಂತ," ಎಂದರು ಅನಸೂಯ. ಎಪ್ಪತ್ತು ದಾಟಿದ ಹೆಂಗಸು. ಸೀರೆಯ ಮೇಲೆ ಕಾರ್ಡಿಗನ್, ಕಾಲಿಗೆ ವಾಕಿಂಗ್ ಶೂ. "ಅಕೌಂಟ್ ಖಾಲಿ. ನಮ್ಮ ಯಜಮಾನರ ಹೆಸರಲ್ಲಿ ಯಾರೋ ಹೋಗಿ ಮಜಾ ಮಾಡ್ಕೊಂಡು ಬಂದಿದಾರೆ. ಎಫ್‌ಐಆರ್ ಹಾಕ್ಕೋತೀಯಾ?"

"ಇಲ್ಲಿ ರಿಪೋರ್ಟ್ ಅಂತಾರೆ ಆಂಟಿ. ಹಾಕ್ತೀನಿ. ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

"ನಮ್ಮ ಮನೆದೇವರ ಹೆಸರು, ಮನೆ ತಗೊಂಡ ವರ್ಷ. ನಮ್ಮೋರು ಎಲ್ಲದಕ್ಕೂ ಅದೇ ಇಡ್ತಿದ್ರು."

ಯಾಮಿನಿ ನಗು ತಡೆದುಕೊಂಡಳು. ಅವಳ ಅಪ್ಪನ ಪಾಸ್‌ವರ್ಡೂ ಅಂಥದ್ದೇ.

"ಅಂದ್ರೆ ಮನೆಯವರು ಯಾರಾದ್ರೂ…"

"ಅದಕ್ಕೇ ಬಂದಿದೀನಿ." ಅನಸೂಯರ ದನಿ ಸಣ್ಣದಾಯಿತು. "ನನಗೆ ಒಬ್ಬನೇ ಮಗ, ಶಶಾಂಕ್. ಅಟ್ಲಾಂಟಾದಲ್ಲಿದಾನೆ. ಮೇ ಕೊನೇ ವಾರ ಪೂರ್ತಿ ಫೋನ್ ಎತ್ತಲಿಲ್ಲ. ಎಲ್ಲಿದ್ಯೋ ಅಂದ್ರೆ ಮಾತು ತೇಲಿಸ್ತಾನೆ. ಪಾಯಿಂಟ್ಸ್ ಹಾಳಾಗಿ ಹೋಗ್ಲಿ. ನನ್ನ ಮಗ ಅಲ್ಲ ಅಂತ ಹೇಳು, ಅಷ್ಟು ಸಾಕು. ಅವನೇ ಆಗಿದ್ರೂ ಹೇಳು. ಗೊತ್ತಿಲ್ಲದೆ ನಾನು ಅವನ ಮುಖ ನೋಡಲಾರೆ."

ಯಾಮಿನಿ ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ವರ್ಜೀನಿಯಾದಲ್ಲಿ. ಠಾಣೆಯಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಇಂಥ ಪ್ರಕರಣವೆಲ್ಲ ಸುತ್ತಿ ಬಳಸಿ ಅವಳ ಮೇಜಿಗೇ ಬರುತ್ತಿತ್ತು. ಅದೇ ಮಧ್ಯಾಹ್ನ ಜೊತೆಗಾರ ಡೆವನ್‌ನನ್ನು ಕರೆದುಕೊಂಡು ಅನಸೂಯರ ಮನೆಗೆ ಹೋಗಿ ಡಾಕ್ಟರ ಹಳೆಯ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡಳು. ವಸ್ತುವಿನ ವಿವರ ಬರೆದು ಸಹಿ ಮಾಡಿಸುವಾಗ ಅನಸೂಯ, "ಓ, ಪಂಚನಾಮೆ," ಎಂದು ತಮಗೆ ತಾವೇ ಹೇಳಿಕೊಂಡು, ಇಬ್ಬರಿಗೂ ಚಕ್ಕುಲಿ ಕೊಟ್ಟರು. ಡೆವನ್ ಎರಡನೆಯದನ್ನು ಕೇಳಿ ತೆಗೆದುಕೊಂಡ.

ಕಂಪನಿಯ ಉತ್ತರ ಬರಲು ಎರಡು ವಾರ ಹಿಡಿಯಿತು. ಕೋಣೆ ಕಾದಿರಿಸಿದ್ದು ಫೆಬ್ರವರಿ 18ರಂದು. ಅದೂ ಅನಸೂಯರ ಮನೆಯ ಇಂಟರ್‌ನೆಟ್ಟಿನಿಂದಲೇ, ಇದೇ ಕಂಪ್ಯೂಟರಿನಿಂದಲೇ. ಆಗ ಬಂದಿದ್ದ ಇಮೇಲುಗಳನ್ನೆಲ್ಲ ಯಾರೋ ಅಳಿಸಿದ್ದರು. ವಾಸ ಮುಗಿದ ಮೇಲೆ ಹೋಟೆಲಿನವರು ಇನ್ನೊಂದು ಬರೆಯುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

"ಆ ವೀಕೆಂಡ್ ಮನೇಲಿ ಯಾರ್ಯಾರಿದ್ರು ಆಂಟಿ?"

"ಪ್ರೆಸಿಡೆಂಟ್ಸ್ ಡೇ ರಜ ಅಲ್ವಾ. ಶಶಾಂಕ್ ಬಂದಿದ್ದ. ಡರ್ಹಮ್‌ನಿಂದ ಅಶ್ವತ್ಥ, ವಿದ್ಯಾವತಿ ಬಂದಿದ್ರು. ಪ್ರತಿ ವರ್ಷ ಬರ್ತಾರೆ."

"ಅವರು ಮೇ ತಿಂಗಳಲ್ಲಿ ಎಲ್ಲಿದ್ರು?"

"ಬೆಂಗಳೂರಿಗೆ ಹೋಗ್ತೀವಿ ಅಂತ ಹೇಳಿ ಹೋದ್ರು. ಅಶ್ವತ್ಥನ್ನ ಬಿಟ್ಬಿಡು ಮಾರಾಯ್ತಿ. ನಮ್ಮೋರು ಹೋದಾಗ ಶಶಾಂಕನಿಗೂ ಕೋವಿಡ್, ಅಟ್ಲಾಂಟಾದಿಂದ ಹೊರಡೋ ಹಾಗಿರಲಿಲ್ಲ. ಮಾಸ್ಕ್ ಹಾಕ್ಕೊಂಡು ಡರ್ಹಮ್‌ನಿಂದ ಒಬ್ಬನೇ ಡ್ರೈವ್ ಮಾಡ್ಕೊಂಡು ಬಂದು, ನಮ್ಮೋರ ಕರ್ಮ ಮಾಡಿದೋನು ಅವನು. ಪುರೋಹಿತರು ಲ್ಯಾಪ್‌ಟಾಪಲ್ಲಿ ಮಂತ್ರ ಹೇಳ್ತಿದ್ರು."

ಹಾಗಾದರೆ ಉಳಿದವನು ಶಶಾಂಕ್. ಯಾಮಿನಿ ಅವನಿಗೆ ವೀಡಿಯೋ ಕರೆ ಮಾಡಿದಳು. ನಲವತ್ತರ ಸಮೀಪದ ಗಡ್ಡದ ಮುಖ. ಹಿಂದೆ ಬರಿಯ ಗೋಡೆ, ಒಂದು ಹಾಸಿಗೆ.

"ಮೇ ಕೊನೇ ವಾರ ಎಲ್ಲಿದ್ರಿ?"

"ವೆಕೇಶನ್."

"ಎಲ್ಲಿ?"

"ಅದು ನಿಮಗೆ ಬೇಡ."

"ಅಪ್ಪನ ಅಕೌಂಟ್ ಪಾಸ್‌ವರ್ಡ್ ಗೊತ್ತಾ?"

"ಗೊತ್ತು. ಸೋ? ಇಡೀ ಊರಿಗೆ ಗೊತ್ತು."

"ಪಾಸ್‌ಪೋರ್ಟ್ ತೋರಿಸ್ತೀರಾ?"

"ವಾರಂಟ್ ತಗೊಂಡು ಬನ್ನಿ," ಎಂದು ಕರೆ ಕಡಿದ.

ಪಾರೋಸಿನ ಹೋಟೆಲಿನವರು ತಂಗಿದವರ ಹೆಸರು ಹೇಳಲು ಒಪ್ಪಲಿಲ್ಲ. ಅಲ್ಲಿಯ ಕಾನೂನಿನ ಪ್ರಕಾರ ಸರ್ಕಾರದ ಮುಖಾಂತರವೇ ಕೇಳಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಕಂಪನಿ ತಾನಾಗಿ ಪಾಯಿಂಟುಗಳನ್ನೆಲ್ಲ ವಾಪಸು ತುಂಬಿತು. ಸಾರ್ಜೆಂಟ್ ಫೈಲು ಮುಚ್ಚು ಎಂದ. ನಷ್ಟವೇ ಇಲ್ಲದ ಮೇಲೆ ಯಾರಿಗಾಗಿ ಈ ತನಿಖೆ ಎಂದು ಕೇಳಿದ.

"ಒಬ್ಬ ತಾಯಿ ಮಗನ ಜೊತೆ ಮಾತು ಬಿಟ್ಟು ತಿಂಗಳಾಯ್ತು. ಅದು ನಷ್ಟ ಅಲ್ವಾ?" ಎಂದಳು ಯಾಮಿನಿ. ಸಾರ್ಜೆಂಟ್ ಒಂದು ವಾರ ಕೊಟ್ಟ.

ಜುಲೈ 9ರಂದು ಅವಳು ಹೋಟೆಲಿನ ಮ್ಯಾನೇಜರ್ ಎಲೆನಿ ಎಂಬಾಕೆಗೆ ಮತ್ತೆ ಫೋನ್ ಹಚ್ಚಿದಳು. ಹೆಸರು ಬೇಡ, ಆ ಕೋಣೆಯಲ್ಲಿ ಏನಾದರೂ ತಕರಾರು ಆಗಿತ್ತೇ, ಅಷ್ಟು ಹೇಳಿ ಸಾಕು ಎಂದಳು. ಎಲೆನಿ ನಕ್ಕಳು. ಆ ಕೋಣೆಯನ್ನು ಮರೆಯುವುದುಂಟೇ? ಮೇ 29ರ ಮಧ್ಯಾಹ್ನ ಅಲ್ಲಿಯ ಅತಿಥಿ ಅಡುಗೆಮನೆಯಿಂದ ಬರಿಯ ಅನ್ನ ತರಿಸಿಕೊಂಡರಂತೆ. ಅದಕ್ಕೆ ಎಂಥದೋ ಕಪ್ಪು ಕಾಳು ಕಲಸಿ, ಉಂಡೆ ಮಾಡಿ, ತಾರಸಿಯ ಬಿಳಿ ಗೋಡೆಯ ಮೇಲಿಟ್ಟು ಕೈಮುಗಿದು ನಿಂತರಂತೆ. ಕಡಲಹಕ್ಕಿಗಳ ದಂಡೇ ಬಂದು ಮುತ್ತಿತು. ಕೆಳಗೆ ಊಟಕ್ಕೆ ಕುಳಿತಿದ್ದ ಜರ್ಮನ್ ದಂಪತಿಯ ಮೀನನ್ನೂ ಎತ್ತಿಕೊಂಡು ಹೋಯಿತು. ಊಟದ ಖರ್ಚು ಹೋಟೆಲಿಗೇ ಬಿತ್ತು.

ಸ್ಪೀಕರಿನಲ್ಲಿ ಕೇಳುತ್ತಿದ್ದ ಡೆವನ್, ಹಕ್ಕಿಗೆ ತಿಂಡಿ ಹಾಕಿದರೆ ಏನಾಯಿತು ಎನ್ನುವಂತೆ ಹೆಗಲು ಹಾರಿಸಿದ. ಯಾಮಿನಿ ಪೆನ್ನು ಕೆಳಗಿಟ್ಟಳು. ಅವಳ ಅಮ್ಮ ವರ್ಷಕ್ಕೊಮ್ಮೆ ಹಿತ್ತಿಲ ಡೆಕ್ಕಿನ ಕಟಾಂಜನದ ಮೇಲೆ ಇಡುವುದೂ ಅದೇ: ಎಳ್ಳು ಕಲಸಿದ ಅನ್ನ. ಕಾಗೆ ಬಂದು ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಪಾರೋಸಿನಲ್ಲಿ ಕಾಗೆಗೆ ಕಾದಿದ್ದರು, ಬಂದದ್ದು ಕಡಲಹಕ್ಕಿ.

ಸತ್ತವರಿಗೆ ಇಟ್ಟ ಎಡೆ ಅದು. ಆದರೆ ಡಾಕ್ಟರು ತೀರಿಕೊಂಡದ್ದು ಮೇ 13ಕ್ಕೆ. ಅವಳು ಕಾರು ತೆಗೆದು ಅನಸೂಯರ ಮನೆಗೆ ಹೋದಳು. ನಿಂತೇ ಕೇಳಿದಳು.

"ಆಂಟಿ, ಈ ವರ್ಷ ಅಂಕಲ್‌ದು ಶ್ರಾದ್ಧ ಯಾವತ್ತು ಮಾಡಿದ್ರಿ?"

"ವೈಶಾಖ ಬಹುಳ ಸಪ್ತಮಿ. ಮೇ 29ಕ್ಕೆ ಬಂದಿತ್ತು. ದೇವಸ್ಥಾನದಲ್ಲಿ ಮಾಡಿಸಿದೆ. ಯಾಕೆ?"

"ಶಶಾಂಕ್‌ಗೆ ಆ ತಿಥಿ ಗೊತ್ತಾ?"

"ಅವನಿಗೆಲ್ಲಿ ಗೊತ್ತು? ಪ್ರತಿ ವರ್ಷ ಮೇ 13ಕ್ಕೆ ಒಂದು ಫೋಟೋ ಹಾಕಿ ಮಿಸ್ ಯೂ ಡ್ಯಾಡ್ ಅಂತಾನೆ. ನಾನು, ಪುರೋಹಿತರು ಬಿಟ್ರೆ ತಿಥಿ ಇಟ್ಕೊಂಡಿರೋನು…"

ಯಾಮಿನಿ ಹೋಟೆಲಿನ ತಾರಸಿಯ ಕತೆ ಹೇಳಿದಳು. ಅನಸೂಯ ಸೋಫಾದ ಅಂಚಿಗೆ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಸುತ್ತಿ ಬಿಚ್ಚಿದರು.

"ಆಂಟಿ, ನೀವು ಬೇಡ ಅಂದ್ರೆ ನಾನು ಪ್ರಾಸಿಕ್ಯೂಟರ್ ಹತ್ರ…"

"ಬೇಡ ಅನ್ನಲ್ಲ. ನನ್ನ ಮಗನ್ನ ಕಳ್ಳ ಅಂದ್ಕೊಂಡೆ ಕಣಮ್ಮ. ದಿನಾ ಬೆಳಿಗ್ಗೆ ಎದ್ದು ಅದನ್ನೇ ಅಂದ್ಕೊಂಡೆ. ಅಶ್ವತ್ಥ ವಾರಕ್ಕೊಂದು ಸಲ ಫೋನ್ ಮಾಡಿ, ಏನಾಯ್ತು ಕೇಸು ಅಂತ ಕೇಳ್ತಿದ್ದ. ನೀನು ನಿನ್ನ ಕೆಲಸ ಮಾಡು."

ಈಗ ಆಧಾರವಿದ್ದುದರಿಂದ ಯಾಮಿನಿ ಕೇಳಿ ಪಡೆದ ಫೆಡರಲ್ ಪ್ರಯಾಣ ದಾಖಲೆಯಲ್ಲಿ ಅಶ್ವತ್ಥ ಮತ್ತು ವಿದ್ಯಾವತಿ ಮೇ 25ರಂದು ಅಥೆನ್ಸಿಗೆ ಹಾರಿದ್ದು, ಜೂನ್ 2ರಂದು ಮರಳಿದ್ದು ಸಿಕ್ಕಿತು. ಬೆಂಗಳೂರಿಗೆ ಹೋದ ಗುರುತೇ ಇರಲಿಲ್ಲ. ಜುಲೈ 15ರಂದು ಮ್ಯಾಜಿಸ್ಟ್ರೇಟ್ ವಾರಂಟಿಗೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಯಾಮಿನಿ ಮತ್ತು ಡೆವನ್ ಡರ್ಹಮ್ ತಲುಪಿದರು.

ಬಾಗಿಲು ತೆರೆದದ್ದು ವಿದ್ಯಾವತಿ. ತಲೆಗೆ ಸ್ಕಾರ್ಫ್, ಮೂಳೆ ಕಾಣುವ ಕೈ. ಮೂಗಿಗೆ ಹಾಕಿದ ಆಕ್ಸಿಜನ್ ಕೊಳವೆ ನೆಲದ ಮೇಲೆ ಹರಿದು ಒಳಗಿನ ಕೋಣೆಯವರೆಗೆ ಹೋಗಿತ್ತು. ಯಾಮಿನಿ ಹೆಸರು ಹೇಳಿ, ಫೇರ್‌ಫ್ಯಾಕ್ಸಿನಿಂದ ಬಂದೆ ಎಂದಳು.

"ಫೇರ್‌ಫ್ಯಾಕ್ಸ್! ಅನಸೂಯಾ ಕಡೆಯೋರಾ? ಬಾಮ್ಮ ಒಳಗೆ. ಈ ಹುಡುಗ ಯಾರು, ನಿನ್ನ ಗಂಡಾನಾ? ಏನೋ ಎತ್ತರ!" ಅಷ್ಟಕ್ಕೇ ಅವರಿಗೆ ಉಬ್ಬಸ ಬಂತು. "ಅವಳಿಗೆ ಹೇಳು, ಬೇಜಾರು ಮಾಡ್ಕೋಬೇಡ ಅಂತ. ಆಸ್ಪತ್ರೇಲಿ ಇನ್ನು ಆರೇ ತಿಂಗಳು ಅಂದ್ರು ನನಗೆ. ಅಷ್ಟು ವರ್ಷ ಕೂಡಿಟ್ಟ ಪಾಯಿಂಟ್ಸು, ಎತ್ತಿ ನಮಗೆ ಕೊಟ್ಟಳು. ಥ್ಯಾಂಕ್ಸ್ ಹೇಳೋಣ ಅಂದ್ರೆ ಇವರು ಬಿಡಲ್ಲ. ಅದರ ಮಾತೆತ್ತಿದ್ರೆ ಅವಳಿಗೆ ದುಃಖ ಆಗತ್ತೆ, ಫೋನ್ ಮಾಡಬೇಡ ಅಂತಾರೆ. ಮುರಳಿಗೂ ಅಲ್ಲೇ ಎಡೆ ಇಟ್ವಿ. ಮಾತು ಕೊಟ್ಟೋನಲ್ವಾ, ಅವನೂ ಬರ್ಲಿ ಅಂತ ನಾನೇ ಇಟ್ಟೆ. ಎಳ್ಳು ಇಲ್ಲಿಂದಲೇ ಕಟ್ಕೊಂಡು ಹೋಗಿದ್ದೆ."

ಅವರ ಬೆನ್ನ ಹಿಂದೆ ಅಶ್ವತ್ಥ ಬಂದು ನಿಂತಿದ್ದರು. ಕೈಯಲ್ಲಿ ಗಂಜಿಯ ಬಟ್ಟಲು. ಡೆವನ್‌ನ ಸೊಂಟದ ಬ್ಯಾಡ್ಜು ಅವರ ಕಣ್ಣಿಗೆ ಬಿತ್ತು. ಬಟ್ಟಲನ್ನು ನಿಧಾನವಾಗಿ ಟೀಪಾಯಿಯ ಮೇಲಿಟ್ಟರು.

"ವಿದ್ಯಾ, ನೀನು ಕುಡೀತಿರು. ಇವರ ಜೊತೆ ಸ್ವಲ್ಪ ಮಾತಿದೆ," ಎಂದು ಹೊರಗೆ ಬಂದು ಬಾಗಿಲು ಎಳೆದುಕೊಂಡರು.

"ಯಾಕೆ ಅಂಕಲ್?" ಎಂದಳು ಯಾಮಿನಿ. "ಕೇಳಿದ್ರೆ ಅವರು ಕೊಡ್ತಿದ್ರು."

"ಕೊಡ್ತಿದ್ಲು. ಅದಕ್ಕೇ ಕೇಳೋಕಾಗಲಿಲ್ಲ. ಗಂಡನ್ನ ಕಳ್ಕೊಂಡೋಳ ಹತ್ರ ಹೋಗಿ, ನನ್ನ ಹೆಂಡತಿ ಸಾಯ್ತಿದಾಳೆ, ನಿನ್ನ ಗಂಡ ಕೂಡಿಟ್ಟಿದ್ದು ಕೊಡು ಅಂತ ಹೇಗಮ್ಮ ಕೇಳ್ಲಿ? ಫೆಬ್ರವರೀಲಿ ಬಾಯಿ ತನಕ ಬಂತು. ಅವಳು ದೋಸೆ ಹಾಕ್ತಿದ್ಲು. ನಾನು ಚಟ್ನಿ ಚೆನ್ನಾಗಿದೆ ಅಂದೆ."

"ಶಶಾಂಕ್ ಮೇಲೆ ಸಂದೇಹ ಬಂದಿದ್ದು ಗೊತ್ತಿತ್ತಾ?"

ಅಶ್ವತ್ಥ ಮುಚ್ಚಿದ ಬಾಗಿಲ ಕಡೆ ನೋಡಿದರು. "ಗೊತ್ತಿತ್ತು. ಅದಕ್ಕೆ ಮಾತ್ರ ಅವನಿಗೆ ಮುಖ ತೋರಿಸೋ ಹಾಗಿಲ್ಲ. ನಾಳೆ ನಾನೇ ಫೇರ್‌ಫ್ಯಾಕ್ಸಿಗೆ ಬರ್ತೀನಿ. ಇವತ್ತು ಇಲ್ಲಿ, ಇವಳ ಮುಂದೆ ಬೇಡ."

ಯಾಮಿನಿ ಡೆವನ್‌ನ ಮುಖ ನೋಡಿದಳು. ಅವನು ಕಾರಿನ ಕಡೆ ನಡೆದ.

ಜುಲೈ 17ರ ಬೆಳಿಗ್ಗೆ, ಹೇಳಿದ ಹೊತ್ತಿಗೆ ಸರಿಯಾಗಿ, ಅಶ್ವತ್ಥ ಠಾಣೆಯ ಬಾಗಿಲಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡಿದ್ದರು. ಹಕ್ಕುಗಳನ್ನು ಓದಿ ಹೇಳಿ ಬಂಧಿಸಲಾಯಿತು. ಆರೋಪ: ಕಂಪ್ಯೂಟರ್ ವಂಚನೆ. ಬೆರಳಚ್ಚು, ಫೋಟೋ, ಹೇಳಿಕೆ ಎಲ್ಲ ಆಯಿತು. ಸಂಜೆಗೆ ಬಾಂಡಿನ ಮೇಲೆ ಬಿಟ್ಟರು. ಹೇಳಿಕೆಯ ಕೊನೆಯ ಸಾಲನ್ನು ಅವರು ತಾವೇ ಸೇರಿಸಿದರು: ಹೆಂಡತಿಗೆ ಏನೂ ಗೊತ್ತಿಲ್ಲ.

ಅದೇ ದಿನ ಯಾಮಿನಿ ಅಟ್ಲಾಂಟಾಕ್ಕೆ ಫೋನ್ ಮಾಡಿ, ನಿಮ್ಮ ಮೇಲೇನೂ ಇಲ್ಲ ಎಂದಳು. ಶಶಾಂಕ್ ಆಗ ಬಾಯಿ ಬಿಟ್ಟ. ಆ ವಾರ ಹೆಂಡತಿಯ ಸಾಮಾನು ಬೇರೊಂದು ಊರಿನ ಅಪಾರ್ಟ್‌ಮೆಂಟಿಗೆ ಸಾಗಿಸುತ್ತಿದ್ದನಂತೆ. ಡಿವೋರ್ಸ್, ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿದಿರಲಿಲ್ಲ.

"ಹೇಳಿಬಿಡಿ," ಎಂದಳು ಯಾಮಿನಿ. "ಅದಕ್ಕಿಂತ ದೊಡ್ಡದನ್ನೇ ಅವರು ಅಂದ್ಕೊಂಡಿದ್ರು."

ಮನೆಗೆ ಹೋಗುವ ದಾರಿಯಲ್ಲಿ ಅವಳು ಅನಸೂಯರ ಮನೆಯ ಮುಂದೆ ಕಾರು ನಿಲ್ಲಿಸಿದಳು. ಬಂಧನದ ಸುದ್ದಿ, ಡರ್ಹಮ್‌ನಲ್ಲಿ ಕಂಡದ್ದು, ವಿದ್ಯಾವತಿ ಹೇಳಿದ್ದು, ಒಂದನ್ನೂ ಬಿಡದೆ ಹೇಳಿದಳು. ಅನಸೂಯ ಎದ್ದು ಮುಖ ತೊಳೆದುಕೊಂಡು ಬಂದು, ಫೋನ್ ಕೈಗೆತ್ತಿಕೊಂಡರು.

"ವಿದ್ಯಾ? ನಾನು ಕಣೇ, ಅನಸೂಯಾ… ಅಳಬೇಡ, ಉಸಿರು ಕಟ್ಟತ್ತೆ… ಹೌದು, ನಾನೇ ಕೊಟ್ಟಿದ್ದು. ನಿನಗಲ್ಲದೆ ಇನ್ಯಾರಿಗೆ ಕೊಡ್ಲಿ? ಅದಿರ್ಲಿ, ಮೆಟ್ಟಿಲು ನಿಜವಾಗ್ಲೂ ನೀರಿನ ತನಕ ಹೋಗತ್ತಾ? ಫೋಟೋದಲ್ಲಿದ್ದ ಹಾಗೇನಾ? ಎಲ್ಲಾ ಹೇಳು."

ಯಾಮಿನಿ ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡು ಹೊರಟಳು.

ದೂರನ್ನು ಅನಸೂಯ ಹಿಂತೆಗೆದುಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಅಶ್ವತ್ಥ ತಪ್ಪೊಪ್ಪಿಕೊಂಡರು. ನ್ಯಾಯಾಲಯ ಜೈಲಿಗೆ ಕಳಿಸದೆ ಪ್ರೊಬೇಷನ್ ಕೊಟ್ಟಿತು. ಅದಕ್ಕೆ ಮೂರು ವಾರ ಮೊದಲೇ ವಿದ್ಯಾವತಿ ತೀರಿಕೊಂಡಿದ್ದರು. ಪಾಯಿಂಟುಗಳು ಇಂದಿಗೂ ಡಾಕ್ಟರ ಅಕೌಂಟಿನಲ್ಲೇ ಇವೆ. ನಾಲ್ವರೂ ಹೋಗುವುದೆಂದು ಮಾತಾಗಿತ್ತು. ಇಬ್ಬರು ಹೋಗಿಬಂದರು. ಅನಸೂಯ ಹೋಗಲಿಲ್ಲ. ಮಾತು ಉಳಿಯಲಿಲ್ಲ.