ಏಳನೇ ಮೇಜಿನ ಕೆಂಪು ದೀಪ

ಹುಬ್ಬಳ್ಳಿಯ ಆ ಉದ್ದನೆಯ ಹಜಾರದಲ್ಲಿ ಪುನರ್ವಸು ಎಂಬ ಯಂತ್ರ ಬೆಳಿಗ್ಗೆಯಿಂದ ಒಮ್ಮೆಗೆ ಮುನ್ನೂರರವತ್ತರಂತೆ ಹಳೆಯ ಫೋನುಗಳಿಗೆ ಹೊಸ ಬುದ್ಧಿ ಬರೆಯುತ್ತಿತ್ತು. ಇಸವಿ ಎರಡು ಸಾವಿರದ ಐವತ್ತೇಳು. ಗುಂಡಿ ಒತ್ತಿದರೆ ಏಳಬೇಕು, ಪರದೆ ಬೆಳಗಬೇಕು ಎಂದು ಫೋನಿಗೆ ತಿಳಿಸುವ ಮೂಲ ಬುದ್ಧಿಗೆ ಫರ್ಮ್‌ವೇರ್ ಎನ್ನುತ್ತಾರೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದಕ್ಕೆ ಫ್ಲ್ಯಾಶ್ ಮಾಡುವುದು ಎನ್ನುತ್ತಾರೆ. ಬರೆಯುವುದು ನಡುವೆ ನಿಂತರೆ, ಯಾರಾದರೂ ಮತ್ತೆ ಎಬ್ಬಿಸುವವರೆಗೆ ಫೋನು ಇಟ್ಟಿಗೆಗೆ ಸಮ. ಪುನರ್ವಸು ಬರೆಯುತ್ತಿತ್ತು, ಪರೀಕ್ಷಿಸುತ್ತಿತ್ತು, ತಪ್ಪಾದರೆ ಕಾರಣವನ್ನೂ ತಾನೇ ಹುಡುಕುತ್ತಿತ್ತು. ಅದು ಬಂದ ಮೇಲೆ ಫೋನು ಎಸೆಯುವ ಚಾಳಿಯೇ ನಿಂತುಹೋಯಿತು. ಅಜ್ಜಿಯ ಫೋನು ಇಪ್ಪತ್ತು ವರ್ಷದ ಮೇಲೂ ಮೊಮ್ಮಗಳ ಕೈಯಲ್ಲಿ ಸಲೀಸಾಗಿ ಓಡುತ್ತಿತ್ತು. ಮೊಮ್ಮಗಳು ಹೊಸದೇ ಬೇಕೆಂದು ಅಳುತ್ತಿದ್ದಳು, ಅದಕ್ಕೆ ಮಾತ್ರ ಯಂತ್ರದಲ್ಲಿ ಮದ್ದಿರಲಿಲ್ಲ.

ಯಂತ್ರವನ್ನು ಕಂಡುಹಿಡಿದವರು ಡಾಕ್ಟರ್ ಇಂಚರಾ ಉಳ್ಳಾಗಡ್ಡಿ. ಹಳೆಯ ಫೋನುಗಳ ಬಾಯಿ ಒಂದೊಂದೂ ಒಂದೊಂದು ಬಗೆ. ತಂತಿ ಸಿಕ್ಕಿಸುವ ಆ ನಾಜೂಕುತನ ಯಂತ್ರದ ಕೈಗೆ ಬರಲಿಲ್ಲ. ಹಾಗಾಗಿ ಹನ್ನೆರಡು ಮೇಜುಗಳಿಗೆ ಹನ್ನೆರಡು ಮನುಷ್ಯರನ್ನು ಇಟ್ಟಿದ್ದರು. ಏಳನೇ ಮೇಜಿನ ಸೃಷ್ಟಿ ಬಡಿಗೇರಗೆ ನಲವತ್ತನಾಲ್ಕು ವರ್ಷ. ಎಷ್ಟೋ ಕಡೆ ವಯಸ್ಸಾಯಿತು ಎನ್ನಿಸಿಕೊಂಡು ಬಂದವಳಿಗೆ ಕೊನೆಗೆ ಸಿಕ್ಕ ಕೆಲಸ ಇದು. ಸತ್ತ ಫೋನು ಕಣ್ಣು ಬಿಟ್ಟಾಗ ಅವಳಿಗಾಗುತ್ತಿದ್ದ ಖುಷಿಯನ್ನು ಮರೆಮಾಚುವುದು ಅವಳಿಂದ ಆಗುತ್ತಿರಲಿಲ್ಲ.

ಅವಳ ಆರು ತಿಂಗಳ ಪರೀಕ್ಷಾ ಅವಧಿ ಶನಿವಾರ ಸಂಜೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ಪುನರ್ವಸು ತನ್ನ ವರದಿಯಲ್ಲಿ ಬರೆದಿತ್ತು: ದಿನಕ್ಕೊಮ್ಮೆ ಕೆಲವು ಫೋನುಗಳು ಬರವಣಿಗೆಯ ನಡುವೆ ನಿಲ್ಲುತ್ತಿವೆ, ಎಲ್ಲವೂ ಏಳನೇ ಮೇಜಿನವು, ಅಲ್ಲಿನ ಕೆಲಸಗಾರ್ತಿಯನ್ನು ಬದಲಿಸುವುದು ಒಳ್ಳೆಯದು. ಮೇಲ್ವಿಚಾರಕ ವಿನೀತ್ ಹೊಸಕೇರಿಗೆ ಅವಳ ಮೇಲೆ ಮರುಕವೇನೋ ಇತ್ತು, ಆದರೆ ಯಂತ್ರದ ಮಾತಿಗೆ ಎದುರಾಡುವ ಧೈರ್ಯ ಇರಲಿಲ್ಲ. ಇಂಚರಾ ಅವರಿಗೆ ಫೋನು ಮಾಡಿ ವಿಷಯ ತಿಳಿಸಿ ಕೈ ತೊಳೆದುಕೊಂಡ.

ಇಂಚರಾ ಶುಕ್ರವಾರ ಮಧ್ಯಾಹ್ನ ಬಂದರು. ಅವರಿಗೆ ತಮ್ಮ ಯಂತ್ರದ ಮೇಲೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಷ್ಟು ಪ್ರೀತಿ. ಆದರೂ ಒಂದು ಸಂಗತಿ ಕಾಡುತ್ತಿತ್ತು. ಸೃಷ್ಟಿಯ ಕೈಯೇ ಸರಿಯಿಲ್ಲದಿದ್ದರೆ ಇಡೀ ದಿನ ಕೆಡಬೇಕಿತ್ತು, ದಿನಕ್ಕೊಮ್ಮೆ ಮಾತ್ರ ಯಾಕೆ? ಆ ಹೊತ್ತೂ ದಿನಕ್ಕೊಂದು. ಪುನರ್ವಸು ಅದನ್ನು ಸೆಖೆಯ ಜೊತೆ, ತೇವದ ಜೊತೆ, ಕೊನೆಗೆ ರೈಲು ಹೋಗುವ ವೇಳೆಯ ಜೊತೆಗೂ ತಾಳೆ ಹಾಕಿ ಸೋತಿತ್ತು. ಇಂಚರಾ ಸೃಷ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಸೋಮವಾರ ಒಂಬತ್ತು ಗಂಟೆ. ಮಂಗಳವಾರ ನಾಲ್ಕೂವರೆ. ಬುಧವಾರ ಒಂದೂವರೆ. ಗುರುವಾರ ಮೂರು.

ಸೃಷ್ಟಿ ಸ್ವಲ್ಪ ಹೊತ್ತು ಬೆರಳು ಮಡಚುತ್ತಾ ಕೂತಿದ್ದಳು. ಆಮೇಲೆ ಅಂಜುತ್ತಲೇ ಕೇಳಿದಳು, "ಮೇಡಂ, ಇವೆಲ್ಲಾ ರಾಹುಕಾಲ ಮುಗಿಯೋ ಟೈಮ್ ಅಲ್ಲೇನ್ರಿ?"

ಇಂಚರಾ ವಿನೀತನ ಕಡೆ ನೋಡಿದರು. ಅವನು ಗೋಡೆಯ ಕಡೆ ನೋಡಿದ. ಬಾಯಿ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಹುಕಾಲದಲ್ಲಿ ಅವನು ಯಾವ ಫೋನಿಗೂ ಬರವಣಿಗೆ ಶುರು ಮಾಡಲು ಬಿಡುತ್ತಿರಲಿಲ್ಲವಂತೆ. ಎಲ್ಲರೂ ತಂತಿ ಸಿಕ್ಕಿಸಿ ಸಜ್ಜಾಗಿ ಕೂರುವುದು, ಅದು ಮುಗಿದ ಗಳಿಗೆಗೆ ಹನ್ನೆರಡೂ ಮೇಜುಗಳಲ್ಲಿ ಒಟ್ಟಿಗೇ ಗುಂಡಿ ಒತ್ತುವುದು.

"ಬರಿಯೋದು ಅರ್ಧಕ್ಕ ನಿಂತ್ರ ಫೋನು ಸಾಯ್ತಾವಲ್ರಿ ಮೇಡಂ," ಎಂದ ವಿನೀತ್. "ಅದಕ್ಕ ಒಳ್ಳೆ ಟೈಮ್ ನೋಡಿ ಶುರು ಮಾಡಿಸ್ತೀನ್ರಿ."

ಇಂಚರಾ ಮನಸಾರೆ ನಕ್ಕರು. ಹಳೆಯ ಬುದ್ಧಿಯನ್ನು ಅಳಿಸುವಾಗಲೇ ಫೋನು ಅತಿ ಹೆಚ್ಚು ವಿದ್ಯುತ್ತು ಎಳೆಯುವುದು. ಬೇರೆ ಹೊತ್ತಿನಲ್ಲಿ ಮೇಜುಗಳು ಹಿಂದೆ ಮುಂದೆ ಶುರುವಾಗುವುದರಿಂದ ಇದ್ದ ವಿದ್ಯುತ್ತು ಸಾಕಾಗುತ್ತಿತ್ತು. ಮುನ್ನೂರರವತ್ತೂ ಒಂದೇ ಉಸಿರಿಗೆ ಬಾಯಿ ಹಾಕಿದರೆ ಕೆಲವಕ್ಕೆ ಸಿಗುವುದಿಲ್ಲ. ಆದರೆ ಹಾಗಿದ್ದರೆ ಎಲ್ಲ ಮೇಜುಗಳಲ್ಲೂ ಫೋನು ನಿಲ್ಲಬೇಕಿತ್ತು. ಏಳನೆಯದರಲ್ಲಿ ಮಾತ್ರ ಏಕೆ?

ಶನಿವಾರ ಹತ್ತೂವರೆಗೆ ಅವರು ಕಂಬದ ಪಕ್ಕ ನಿಂತು ನೋಡಿದರು. ಎಲ್ಲರೂ ಗುಂಡಿ ಒತ್ತಿದರು. ಒಂದೆರಡು ನಿಮಿಷಕ್ಕೆ ಹನ್ನೆರಡೂ ಮೇಜುಗಳ ಮೇಲೆ ತಲಾ ನಾಲ್ಕೈದು ಕೆಂಪು ದೀಪ ಹೊತ್ತಿಕೊಂಡವು. ಕೂಡಲೇ ಹನ್ನೊಂದು ಮೇಜುಗಳ ಕೈಗಳು ಚಾಚಿದವು. ತಂತಿ ಕಿತ್ತು, ಫೂ ಎಂದು ಊದಿ, ಫೋನಿನ ಬೆನ್ನಿಗೊಂದು ಏಟು ಕೊಟ್ಟು ಮತ್ತೆ ಸಿಕ್ಕಿಸಿದರು. ಉಳಿದ ಫೋನುಗಳು ಅಷ್ಟರಲ್ಲಿ ಅಳಿಸಿ ಮುಗಿಸಿದ್ದರಿಂದ ಈ ಸಲ ವಿದ್ಯುತ್ತು ಸಾಕಾಗಿ, ಬರವಣಿಗೆ ಮೊದಲಿನಿಂದ ಶುರುವಾಗಿ ದೀಪ ಹಸಿರಾಯಿತು. ಏಳನೇ ಮೇಜಿನಲ್ಲಿ ಸೃಷ್ಟಿ ಕೈ ಕಟ್ಟಿ ಕೂತಿದ್ದಳು, ಅವಳೆದುರು ನಾಲ್ಕು ದೀಪ ಕೆಂಪಗೇ ಉಳಿದವು. ಅವಳ ಕಣ್ಣುಗಳು ತುಂಬಿದ್ದವು.

ನೀನ್ಯಾಕೆ ಹಾಗೆ ಮಾಡಲಿಲ್ಲ ಎಂದು ಇಂಚರಾ ಕೇಳಿದರು.

"ಬರಿಯುವಾಗ ಮುಟ್ಟಬಾರ್ದು ಅಂತ ನೀವೇ ಬೋರ್ಡ್ ಹಾಕೀರಲ್ರಿ ಮೇಡಂ. ಕೆಟ್ಟದ್ದು ಕೆಟ್ಟಂಗ ನಿಮಗ ಕಾಣ್ಲಿ ಅಂತ ಬಿಟ್ಟೀನ್ರಿ."

ಇಂಚರಾ ಅವರಿಗೆ ನಾಚಿಕೆಯಾಯಿತು. ಹತ್ತು ಸೆಕೆಂಡಿನೊಳಗೆ ತಂತಿ ಮತ್ತೆ ಕೂಡಿದರೆ ಅದನ್ನು ತಪ್ಪೆಂದು ಎಣಿಸಬೇಡ ಎಂದು ಯಂತ್ರಕ್ಕೆ ಕಲಿಸಿದ್ದವರು ಅವರೇ. ಹನ್ನೊಂದು ಜನರದ್ದೂ ಮೋಸವಲ್ಲ, ಪಾಪ, ಕೆಲಸ ನಿಲ್ಲದಿರಲಿ ಎಂಬ ಒಳ್ಳೆಯ ಮನಸ್ಸು. ಆ ಒಳ್ಳೆಯ ಮನಸ್ಸೇ ಒಬ್ಬಳ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು. ಅವರು ಆ ಹತ್ತು ಸೆಕೆಂಡಿನ ನಿಯಮವನ್ನೂ ಸೃಷ್ಟಿಯ ಮೇಲಿನ ವರದಿಯನ್ನೂ ಅಲ್ಲೇ ಅಳಿಸಿದರು. ರಾಹುಕಾಲ ನೋಡುವುದು ಬಿಡುವುದು ನಿನ್ನಿಷ್ಟ, ಆದರೆ ಒಂದೊಂದೇ ಮೇಜು ಶುರು ಮಾಡಿಸು ಎಂದು ವಿನೀತನಿಗೆ ಹೇಳಿದರು. ಸೃಷ್ಟಿಯ ಕೆಲಸ ಆ ಸಂಜೆಯೇ ಕಾಯಂ ಆಯಿತು, ಹಜಾರದವರೆಲ್ಲ ಅವಳಿಂದ ಮಿರ್ಚಿ ಭಜಿ ವಸೂಲಿ ಮಾಡಿದರು.

ಇದೆಲ್ಲ ನಡೆಯಲು ಇನ್ನೂ ಮೂವತ್ತು ವರ್ಷವಿದೆ. ಪುನರ್ವಸು ಇನ್ನೂ ಹುಟ್ಟಿಲ್ಲ. ಆದರೆ ಸದಾ ತಪ್ಪು ಮಾಡುವವರು ಎಂದು ಹೆಸರಾದ ಒಬ್ಬರು ನಿಮ್ಮ ಕಚೇರಿಯಲ್ಲಿ ಈಗಲೇ ಇರಬಹುದು. ನಾಳೆ ಅವರನ್ನು ಕರೆದು ಬೈಯುವ ಮೊದಲು, ಎಂದೂ ತಪ್ಪು ಮಾಡದ ಉಳಿದವರ ಕೈಗಳು ಏನು ಮಾಡುತ್ತಿವೆ ಎಂದು ಒಂದು ಗಳಿಗೆ ನಿಂತು ನೋಡಿ.