ಕೊಡಲಿ ಸೊಸೆಯ ಅಸಲಿ ಧ್ವನಿ

ಹಲ್ಲಿ ಎಂದರೆ ಐವತ್ತು ದಾಟಿದ, ತಲೆ ಬೋಳಾದ, ಮನೆಯಲ್ಲಿ ಯಾರೂ ಮಾತಾಡಿಸದ ಗಂಡಸು ಎಂದೇ ನಾನು ನಂಬಿಕೊಂಡಿದ್ದೆ. ಅಂಥವರಿಗಲ್ಲದೆ ಇನ್ಯಾರಿಗೆ ಅಷ್ಟು ಪುರುಸೊತ್ತು? ನಮ್ಮದೊಂದು ಸಿನಿಮಾ ಬ್ಲೂ-ರೇ ಡಿಸ್ಕಿನಲ್ಲಿ ಬಿಡುಗಡೆಯಾದರೆ ಸಾಕು, ಮರುದಿನವೇ ಅವನ ಇಮೇಲ್ ಬಂದು ಬೀಳುತ್ತಿತ್ತು. ‘ಆಕೆ ಅಳುತ್ತಿದ್ದಾಳೆ, ನಿಮ್ಮ ಸಬ್‌ಟೈಟಲ್ ಜೋಕ್ ಹೊಡೆಯುತ್ತಿದೆ.’ ‘ಸತ್ತು ಬಿದ್ದವನಿಗೂ ಒಂದು ಸಾಲು ಮಾತು ಕೊಟ್ಟಿದ್ದೀರಿ, ಅಭಿನಂದನೆಗಳು.’ ಕೆಳಗೆ ಸಹಿ: ಹಲ್ಲಿ.

ಆ ಸಬ್‌ಟೈಟಲ್ ಬರೆಯುತ್ತಿದ್ದವಳು ನಾನೇ. ನನ್ನ ಸೋದರಮಾವನದು ಎರಡು ಕೋಣೆಯ ಕಂಪನಿ. ಮರ್ಯಾದಸ್ಥರು ನೋಡಿದ್ದರೂ ನೋಡಿಲ್ಲ ಎನ್ನುವಂಥ ಬೇರೆ ಬೇರೆ ಭಾಷೆಯ ಹಳೆಯ, ಅಗ್ಗದ ಚಿತ್ರಗಳನ್ನು ಹುಡುಕಿ, ಗೀರು ಅಳಿಸಿ, ಡಿಸ್ಕ್ ಮಾಡಿ ಸಂಗ್ರಾಹಕರಿಗೆ ಮಾರುವುದು ನಮ್ಮ ಕೆಲಸ. ರಕ್ತ ಹೀರುವ ನರ್ಸುಗಳು, ಸೇಡಿನ ವಿಧವೆಯರು, ಮನುಷ್ಯರನ್ನು ನುಂಗುವ ಗಿಡಗಳು. ನನ್ನ ಅನ್ನದ ದಾರಿ ಅವರೇ.

ಹಲ್ಲಿಯ ಇಮೇಲ್‌ಗೆ ನಾನು ಉರಿದುಬಿದ್ದು ಉತ್ತರ ಬರೆಯುತ್ತಿದ್ದೆ. ಅವನು ಅದಕ್ಕೂ ಉತ್ತರ ಬರೆಯುತ್ತಿದ್ದ. ಹಾಗೆ ಜಗಳವಾಡುತ್ತಲೇ ಒಂದು ವರ್ಷ ಕಳೆಯಿತು. ಕೊನೆಗೆ ಇಮೇಲ್ ಬರದ ದಿನ ನಾನೇ ಫೋನ್ ಮತ್ತೆ ಮತ್ತೆ ತೆಗೆದು ನೋಡುವ ಸ್ಥಿತಿಗೆ ಬಂದಿದ್ದೆ. ಬೋಳುತಲೆಯವನ ಮೇಲೆ ಇದೆಂಥ ಹುಚ್ಚೇ ನಿನಗೆ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಉಂಟು.

ಆ ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಒಬ್ಬ ಬಂದು ನಿಂತ.

“ಸಬ್‌ಟೈಟಲ್ ಮೇಡಂ ಅಂದ್ರೆ ನೀವೇನಾ? ನಾನು ಹಲ್ಲಿ.”

ತಲೆ ತುಂಬ ಕೂದಲು. ಮೂವತ್ತು ಆಗಿತ್ತೋ ಇಲ್ಲವೋ. ಕನ್ನಡಕದ ಹಿಂದೆ ನಗುವ, ಆದರೆ ಸ್ವಲ್ಪ ಹೆದರಿದ್ದ ಕಣ್ಣು. ನಾನು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ.

“ಬಾಲ ಹುಡುಕ್ತಿದ್ದೀರಾ?” ಎಂದ.

“ಇಲ್ಲ, ಬೋಳುತಲೆ,” ಎಂದುಬಿಟ್ಟೆ. ಅವನಿಗೆ ಅರ್ಥವಾಗಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಅವನು ಬಟ್ಟೆಚೀಲದಿಂದ ಒಂದು ವಿಡಿಯೋ ಕ್ಯಾಸೆಟ್ ತೆಗೆದು, ಎಳೆಗೂಸನ್ನು ಇಳಿಸುವ ಹಾಗೆ ಮೇಜಿನ ಮೇಲಿಟ್ಟ. “ನೀವು ‘ಕೊಡಲಿ ಸೊಸೆ’ ತರ್ತಿದ್ದೀರಂತಲ್ಲ. ಅದೇ ದರಿದ್ರ ಡಬ್ಬಿಂಗ್ ಹಾಕಿ ಅವಳನ್ನ ಇನ್ನೊಂದ್ಸಲ ಸಾಯಿಸ್ಬೇಡಿ. ಇದ್ರಲ್ಲಿ ಅವಳ ಅಸಲಿ ಧ್ವನಿ ಇದೆ.”

‘ಕೊಡಲಿ ಸೊಸೆ’ ಗಂಡನ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕಡಿದುಹಾಕುವ ಹೆಣ್ಣಿನ ಕಥೆ. ಪ್ರಪಂಚದಲ್ಲಿ ಎಲ್ಲಿ ಸಿಕ್ಕ ಪ್ರತಿಯಲ್ಲೂ ಒಂದೇ ಡಬ್ಬಿಂಗ್. ಅದರಲ್ಲಿ ಆ ಸೊಸೆಗೆ ಬೊಂಬೆಯ ಕೀರಲು ದನಿ. ಅವಳ ನಿಜವಾದ ಧ್ವನಿ ಕಳೆದುಹೋಗಿದೆ ಎಂದೇ ಎಲ್ಲರೂ ಕೈಬಿಟ್ಟಿದ್ದರು.

“ಇದು ನಿಮ್ಗೆ ಎಲ್ಲಿ ಸಿಕ್ತು?”

“ನಮ್ಮಪ್ಪಂದು ಕ್ಯಾಸೆಟ್ ಬಾಡಿಗೆ ಅಂಗಡಿ ಇತ್ತು. ಈಗ ಅದೇ ಜಾಗದಲ್ಲಿ ನನ್ನ ಕನ್ನಡಕದ ಅಂಗಡಿ. ಎಲ್ಲಾ ಮಾರಿದ್ರು, ಇದೊಂದನ್ನ ಇಟ್ಕೊಂಡಿದ್ರು. ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ಟು, ಅಸಲಿ ಕಣೋ, ಜೋಪಾನ ಅಂದ್ರು.”

ಮಾವ ಒಳಕೋಣೆಯಿಂದ ಓಡಿ ಬಂದರು. ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು. “ದೇವರು ಬಂದ ಹಾಗೆ ಬಂದ್ರಲ್ರೀ!” ಎನ್ನುತ್ತಲೇ ಕವರ್ ಛಾಪಿಸುವ ಪ್ರೆಸ್ಸಿಗೆ ಫೋನ್ ಹಚ್ಚಿದರು. ‘ಮೊದಲ ಬಾರಿಗೆ, ಅಸಲಿ ಧ್ವನಿಯೊಂದಿಗೆ’ ಎಂಬ ಸಾಲು ದಪ್ಪಕ್ಷರದಲ್ಲಿ ಬರಬೇಕು. ನಾನು ಧ್ವನಿಯನ್ನು ಚಿತ್ರಕ್ಕೆ ಹೊಂದಿಸಿ ನೋಡಿ ‘ಸರಿ’ ಎಂದ ಕೂಡಲೇ ಯಂತ್ರ ಶುರು.

ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಕೂತೆವು. ಇಕ್ಕಟ್ಟಿನ ಜಾಗ, ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಇಬ್ಬರೂ ಸರಿಸಲಿಲ್ಲ.

ಆ ಧ್ವನಿ ಕೇಳಿ ನನ್ನ ಮೈ ಜುಮ್ಮೆಂದಿತು. ತಗ್ಗಿದ, ಒಡೆದ, ಅಳುವನ್ನು ಹಲ್ಲು ಕಚ್ಚಿ ಹಿಡಿದ ದನಿ. ಕೊಡಲಿ ಎತ್ತುವ ಮುಂಚೆ ಅವಳು ಗಂಡನನ್ನು ಹೆಸರು ಹಿಡಿದು ಕರೆದಾಗ ನನ್ನ ಕಣ್ಣಲ್ಲಿ ನೀರು ತುಂಬಿತು. ಪಕ್ಕಕ್ಕೆ ತಿರುಗಿದೆ. ಅವನು ಪರದೆಯನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದ.

“ಸಿನಿಮಾ ಅಲ್ಲಿದೆ,” ಎಂದೆ.

“ಗೊತ್ತು. ನನಗೆ ಬಾಯಿಪಾಠ.”

ನನಗೆ ನಗು ಬಂತು. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಯಾವ ಕೊಲೆಯನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಸಮಾಧಿಯ ದೃಶ್ಯ ಬಂತು. ಸೊಸೆ ಮಂಡಿಯೂರಿ, ಸತ್ತ ತಾಯಿಯನ್ನು ಕರೆಯುತ್ತಾಳೆ. ಮುಖ ಪರದೆಯ ತುಂಬ. ಧ್ವನಿ ‘ಅಮ್ಮಾ’ ಎನ್ನುತ್ತದೆ, ತುಟಿ ತೆರೆದೇ ಇದೆ.

ಹಿಂದಕ್ಕೆ ಓಡಿಸಿದೆ. ಧ್ವನಿಯನ್ನು ಒಂದಿಷ್ಟು ಮುಂದೆ ಸರಿಸಿದೆ, ಹಿಂದೆ ಸರಿಸಿದೆ. ಊಹೂಂ. ಇದು ಜಾರಿದ ಧ್ವನಿಯಲ್ಲ. ಪೂರ್ತಿ ಮ್ಯೂಟ್ ಮಾಡಿ ಮೊದಲಿನಿಂದ ನೋಡಿದೆ. ಅವಳ ಬಾಯಿ ಒಂದು ಭಾಷೆ ಆಡುತ್ತಿತ್ತು, ಅತ್ತೆಯದು ಇನ್ನೊಂದು, ಗಂಡನದು ಮತ್ತೊಂದು. ಇಂಥ ಚಿತ್ರಗಳಲ್ಲಿ ಸಿಕ್ಕಸಿಕ್ಕ ನಾಡಿನ ನಟರನ್ನು ಸೇರಿಸಿ, ಧ್ವನಿ ಇಲ್ಲದೆ ಚಿತ್ರ ತೆಗೆದು, ಆಮೇಲೆ ಬೇರೆ ಯಾರಿಂದಲೋ ಮಾತಾಡಿಸುವುದಿತ್ತು. ಅಸಲಿ ಧ್ವನಿ ಕಳೆದುಹೋಗಿರಲಿಲ್ಲ. ಅದು ಎಂದೂ ಇರಲೇ ಇಲ್ಲ.

“ಏನಾಯ್ತು?” ಎಂದ.

“ಏನಿಲ್ಲ.”

ಹೊರಗಿನಿಂದ ಮಾವ ಕೂಗಿದರು. “ಪುಟ್ಟೀ, ಪ್ರೆಸ್ಸಿನವನು ಲೈನಲ್ಲಿದ್ದಾನೆ. ಸರಿ ಅಂದ್ಬಿಡ್ಲಾ?”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸರಿ ಎಂದರೆ ಮಾವ ಖುಷಿ, ಇವನು ಖುಷಿ, ಸಂಗ್ರಾಹಕರು ಖುಷಿ. ಇದನ್ನು ಕಂಡುಹಿಡಿಯುವಂಥ ಹಟಮಾರಿ ಊರಲ್ಲೆಲ್ಲ ಒಬ್ಬನೇ, ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಇಂದಲ್ಲ ನಾಳೆ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಗ ಅವನು ಒಬ್ಬನೇ ಇರುತ್ತಾನೆ. ನನಗೆ ಮೊದಲೇ ಗೊತ್ತಿತ್ತು ಎಂಬುದೂ ಅವನಿಗೆ ತಿಳಿಯುತ್ತದೆ. ಹೇಳಿದರೆ ಈಗಲೇ ಕಳೆದುಕೊಳ್ಳುತ್ತೇನೆ.

“ಬೇಡ ಮಾವ,” ಎಂದೆ. “ಇದೂ ಡಬ್ಬಿಂಗೇ.”

ಅವನು ನಕ್ಕ. “ತಮಾಷೆ ಮಾಡ್ಬೇಡಿ.”

“ಅಮ್ಮ ಅನ್ನಿ.”

“ಏನು?”

“ಒಂದ್ಸಲ ಅನ್ನಿ.”

“ಅಮ್ಮ,” ಎಂದ. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. ನೋಡಬೇಕಾದ್ದು ಕೆಲಸಕ್ಕಾಗಿ, ಆದರೂ ನೋಟ ಅಲ್ಲೇ ನಿಂತುಬಿಟ್ಟಿತು. “ಯಾವ ಭಾಷೆ ಆದ್ರೂ ಅಷ್ಟೇ, ಮ ಅನ್ನೋಕೆ ತುಟಿ ಸೇರ್ಲೇಬೇಕು. ಅವಳದ್ದು ಸೇರ್ತಾ ಇಲ್ಲ, ನೋಡಿ,” ಎಂದೆ.

ಅವನು ನೋಡಿದ. ಮತ್ತೆ ನೋಡಿದ. ಮುಖದ ಬಣ್ಣ ಇಳಿಯುತ್ತ ಬಂತು. ಕಾಫಿ ಕುಡಿಯುವಾಗ ಅವನೇ ಹೇಳಿದ್ದ, ಕಳೆದ ವಾರವಷ್ಟೇ ಸಂಗ್ರಾಹಕರ ಆನ್‌ಲೈನ್ ಗುಂಪಿನಲ್ಲಿ ತನ್ನ ಬಳಿ ಅಸಲಿ ಧ್ವನಿ ಇದೆ ಎಂದು ಸಾರಿದ್ದನಂತೆ. ನೂರಾರು ಜನ ಶಹಬ್ಬಾಸ್ ಹೇಳಿದ್ದರಂತೆ.

“ನಮ್ಮಪ್ಪ ಸಾಯೋವಾಗ ಸುಳ್ಳು ಹೇಳಿದ್ರು ಅಂತೀರಾ?”

“ಅವರಿಗೂ ಗೊತ್ತಿರ್ಲಿಕ್ಕಿಲ್ಲ...”

“ಒಂದು ವರ್ಷ ನಿಮ್ಮ ತಪ್ಪು ಎತ್ತಿ ತೋರಿಸ್ದೆ. ಇವತ್ತು ಸರಿಯಾಗಿ ತೀರಿಸ್ಕೊಂಡ್ರಿ.”

ಕ್ಯಾಸೆಟ್ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ನಾನು ಕೂತಲ್ಲೇ ಕೂತೆ. ಪರದೆಯ ಮೇಲೆ ಸೊಸೆ ಬಾಯಿ ತೆರೆದುಕೊಂಡು ನಿಂತಿದ್ದಳು. ನನಗೆ ಜೋರಾಗಿ ಅಳು ಬಂತು.

ಮಾವ ಪ್ರೆಸ್ಸಿನವನಿಗೆ ತಡೆಯಲು ಹೇಳಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸ್ಕೊಂಡ್ಯಾ? ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲವಲ್ಲೇ!” ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಡಿಸ್ಕ್ ಹಾಳಾಗಿ ಹೋಗ್ಲಿ. ಈ ಅಳು ಡಿಸ್ಕಿಗಲ್ಲ. ನಾಳೆ ರಜಾ ತಗೋ, ಹೋಗಿ ಮಾತಾಡು.”

ಮರುದಿನ ಬೆಳಿಗ್ಗೆ ಕನ್ನಡಕದ ಅಂಗಡಿ ಹುಡುಕಿಕೊಂಡು ಹೋದೆ. ಗೋಡೆಯ ತುಂಬ ಫ್ರೇಮುಗಳು, ಪರೀಕ್ಷೆಯ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಅಜ್ಜಿಯ ಮೂಗಿನ ಮೇಲೆ ಗಾಜು ಬದಲಿಸುವ ದೊಡ್ಡ ಕಬ್ಬಿಣದ ಫ್ರೇಮು. ಅವನು ನನ್ನನ್ನು ನೋಡಿದ, ತಕ್ಷಣ ಬೆನ್ನು ತಿರುಗಿಸಿದ.

“ಅಜ್ಜೀ, ಇದು ಚೆನ್ನಾಗಿದೆಯಾ, ಮುಂಚಿನ್ದಾ?”

“ಮುಂಚಿನ್ದೇ ವಾಸಿ ಕಣಪ್ಪಾ.”

ಹಿಂದೆ ಹೋಗಲು ಮನಸ್ಸಿರಲಿಲ್ಲ. “ನಾನು ಸಾರಿ ಕೇಳೋಕೆ ಬಂದಿಲ್ಲ,” ಎಂದೆ.

ಗಾಜು ಹಿಡಿದ ಅವನ ಕೈ ನಿಂತಿತು. “ನಿನ್ನೆ ನೀವು ಸುಮ್ನಿರಬಹುದಿತ್ತು. ನಿಮ್ಮ ಮಾವನಿಗೂ ಒಳ್ಳೇದಾಗ್ತಿತ್ತು, ನಾನೂ ಖುಷಿಯಾಗಿರ್ತಿದ್ದೆ. ಯಾಕೆ ಸುಮ್ನಿರ್ಲಿಲ್ಲ?”

“ಬೇರೆ ಯಾರಾಗಿದ್ರೂ ಸುಮ್ನಿರ್ತಿದ್ದೆ.” ಒಂದು ಹೆಜ್ಜೆ ಮುಂದಿಟ್ಟೆ. “ನಿಮ್ಮ ಇಮೇಲ್ ಬರ್ದೇ ಇದ್ರೆ ನನಗೆ ಊಟ ಸೇರಲ್ಲ ರೀ. ನನಗೆ ನೀವು ಇಷ್ಟ. ಮುಖ ನೋಡೋಕೆ ಮುಂಚೆನೇ ಇಷ್ಟ. ಇಷ್ಟ ಆದವರ ಮುಂದೆ ಒಂದು ಸುಳ್ಳು ಬಚ್ಚಿಟ್ಕೊಂಡು ನಗ್ತಾ ಕೂರೋಕೆ ನನ್ನ ಕೈಲಾಗಲ್ಲ. ಅಷ್ಟೇ. ಹೇಳಿದ್ದಾಯ್ತು, ಹೊರಟೆ.”

“ಅಯ್ಯೋ, ನಿಲ್ಲೇ ತಾಯಿ!” ಎಂದರು ಅಜ್ಜಿ. “ಇವನೇನೋ ಬಾಯಿ ತೆಗೀತಿದ್ದಾನೆ.”

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. “ನಿನ್ನೆ ಸಂಜೆ ಸೌಂಡ್ ತೆಗೆದು ನೋಡ್ದೆ. ನೀವು ಹೇಳಿದ್ದೇ ನಿಜ.” ಒಂದು ಉಸಿರು ಎಳೆದುಕೊಂಡ. “ಅಪ್ಪಂಗೆ ಗೊತ್ತಿತ್ತು ಅನ್ಸುತ್ತೆ. ಬಾಡಿಗೆಗೆ ಹೋಗ್ಲಿ ಅಂತ ಗಿರಾಕಿಗಳ ಹತ್ರ ಎಲ್ಲಾ ಕ್ಯಾಸೆಟ್ಟನ್ನೂ ಅಸಲಿ ಅಂತಿದ್ರು. ನಾನು ಚಿಕ್ಕವನಿದ್ದಾಗ ನಂಬಿಬಿಟ್ಟೆ. ಆಮೇಲೆ ಈ ಹುಡುಗನಿಗೆ ಹೇಗೆ ಹೇಳೋದು ಅಂತ ಸುಮ್ನಾಗಿರ್ತಾರೆ, ಪಾಪ.” ಅಳುತ್ತಲೇ ನಕ್ಕುಬಿಟ್ಟ.

ಫೋನ್ ನನ್ನತ್ತ ಚಾಚಿದ. ಸಂಗ್ರಾಹಕರ ಗುಂಪಿನಲ್ಲಿ ಬೆಳಿಗ್ಗೆಯೇ ಬರೆದಿದ್ದ: ‘ನನ್ನ ಬಳಿ ಇರುವುದೂ ಡಬ್ಬಿಂಗ್. ಕಂಡುಹಿಡಿದವರು ಸಬ್‌ಟೈಟಲ್ ಮೇಡಂ. ನಾನು ಅವರ ಮೇಲೇ ರೇಗಿ ಬಂದೆ.’ ಕೆಳಗೆ ಗೇಲಿಯ ಸುರಿಮಳೆ. ಒಬ್ಬ ‘ಹಲ್ಲಿಗೆ ಕೊಡಲಿ ಏಟು’ ಎಂದು ಬರೆದಿದ್ದ.

“ಎಲ್ಲಾ ಒಪ್ಕೊಂಡಾದ್ಮೇಲೆ ಈಗ್ಯಾಕೆ ಬೆನ್ನು ತಿರುಗಿಸಿದ್ದು?”

“ನಾಚಿಕೆ. ನಿಮ್ಮ ಮುಖ ನೋಡೋಕೆ ಧೈರ್ಯ ಸಾಲ್ಲಿಲ್ಲ.” ಚೀಲದಿಂದ ಕ್ಯಾಸೆಟ್ ತೆಗೆದು ಕೌಂಟರ್ ಮೇಲಿಟ್ಟ. “ಮಾವನಿಗೆ ಕೊಡಿ. ಎರಡು ಧ್ವನಿನೂ ಹಾಕ್ಲಿ. ಎರಡೂ ಡಬ್ಬಿಂಗ್ ಅಂತ ಕವರ್ ಮೇಲೆ ನೆಟ್ಟಗೆ ಬರೀಲಿ. ಅಳೋಳು ಯಾರೋ ಏನೋ, ಚೆನ್ನಾಗಿ ಅತ್ತಿದ್ದಾಳೆ. ಜನ ಕೇಳ್ಲಿ.”

ನಾನು ಕ್ಯಾಸೆಟ್ ತೆಗೆದುಕೊಳ್ಳಲು ಹೋದೆ. ಅವನು ಅದರ ಇನ್ನೊಂದು ತುದಿ ಬಿಡಲಿಲ್ಲ.

“ಇನ್ಮೇಲೆ ನನ್ನ ತಪ್ಪು ನಿಮ್ಮ ಕಣ್ಣಿಗೆ ಬಿದ್ರೆ?”

“ಹೇಳ್ತೀನಿ.”

“ಎಲ್ಲರ ಮುಂದೆನಾ?”

“ಮೊದಲು ನಿಮಗೊಬ್ರಿಗೇ.”

“ಎಷ್ಟು ದಿನ ಹೀಗೆ?” ಎಂದ. ಕೇಳಿದ್ದು ಮೆಲ್ಲಗೆ, ನೋಡಿದ್ದು ನೇರವಾಗಿ. ಅಜ್ಜಿ ಆ ದೊಡ್ಡ ಫ್ರೇಮಿನೊಳಗಿಂದ ನನ್ನತ್ತ ತಿರುಗಿದರು. ಉತ್ತರಕ್ಕೆ ಇಬ್ಬರೂ ಕಾಯುತ್ತಿದ್ದರು.

“ನೀನು ಸಾಕು ಅಂದ್ರೂ ಬಿಡಲ್ಲ,” ಎಂದೆ.

ಮೊದಲ ಸಲ ಅವನನ್ನು ನೀನು ಎಂದಿದ್ದೆ. ಅವನು ಕ್ಯಾಸೆಟ್ ಬಿಟ್ಟು, ಅಜ್ಜಿಯ ಎದುರಿಗೇ ನನ್ನ ಕೈ ಹಿಡಿದುಕೊಂಡ.