ತಿಕೋಟಾದಲ್ಲಿ ಊಟ ಬಿಟ್ಟವನು

ತನ್ನ ಊರನ್ನೇ ನೋಡಲು ದುಡ್ಡು ಕೊಟ್ಟು ಬರುವ ಮನುಷ್ಯನಿಗೆ ಏನೆನ್ನಬೇಕೋ ಐಶ್ವರ್ಯಳಿಗೆ ತಿಳಿಯುತ್ತಿರಲಿಲ್ಲ. ಅವನು ಹುಟ್ಟಿದ್ದು ಕಾಖಂಡಕಿ, ಗಣಿತ ಕಲಿಸುವುದು ಬಬಲೇಶ್ವರದ ಕಾಲೇಜಿನಲ್ಲಿ. ಗೋಳಗುಮ್ಮಟವನ್ನು ಕೂಸಿದ್ದಾಗಿನಿಂದ ನೋಡಿದವನು. ಆದರೂ ಆ ಭಾನುವಾರ ಮೂರನೆಯ ಸಲ ಅವಳ ಟೂರಿಗೆ ಬಂದು ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲೊಂದು ನೀರಿನ ಬಾಟಲಿ. ಹೆಸರು ಸಿದ್ದಲಿಂಗೇಶ.

ಐಶ್ವರ್ಯಳ ಟೂರು ಚಿಕ್ಕದು. ಒಂದು ಟೆಂಪೋ ಟ್ರಾವೆಲರಿನಲ್ಲಿ ಹಿಡಿಸುವಷ್ಟೇ ಜನ, ಡ್ರೈವರ್ ಸುಫಿಯಾನ, ಮೈಕು ಹಿಡಿದ ಅವಳು. ಬೆಳಿಗ್ಗೆ ವಿಜಯಪುರದ ಗುಮ್ಮಟ, ಇಬ್ರಾಹಿಂ ರೋಜಾ. ಮಧ್ಯಾಹ್ನ ತಿಕೋಟಾದಲ್ಲಿ ಅವಳಪ್ಪನ ದ್ರಾಕ್ಷಿ ತೋಟದ ಮನೆಯಲ್ಲೇ ಊಟ. ಆಮೇಲೆ ಬಬಲೇಶ್ವರದ ದಾರಿ ಹಿಡಿದು ಡೋಣಿ ಹೊಳೆಯ ದಂಡೆಯ ಕರಿ ಎರೆಹೊಲಗಳು. ದೂರದಿಂದ ಬಂದವರು ಗುಮ್ಮಟವನ್ನು ಹೊಗಳಿದ್ದಕ್ಕಿಂತ ಅವಳವ್ವ ರೇಣುಕವ್ವನ ಶೇಂಗಾ ಹೋಳಿಗೆಯನ್ನು ಹೊಗಳಿದ್ದೇ ಹೆಚ್ಚು.

ಐಶ್ವರ್ಯಳಿಗೆ ಸಿಟ್ಟಿದ್ದದ್ದೂ ಅಲ್ಲೇ. ಈ ಮಹಾರಾಯ ಎರಡು ಸಲ ಬಂದರೂ ಅವರ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಎಲ್ಲರೂ ತಾಟಿನ ಮುಂದೆ ಕೂತರೆ ಇವನು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ನಿಲ್ಲುತ್ತಿದ್ದ. ಮೊದಲ ಸಲ ಹೊಟ್ಟೆ ಸರಿಯಿಲ್ಲ ಎಂದಿದ್ದ. ಎರಡನೆಯ ಸಲ ಸೋಮವಾರದ ಉಪವಾಸ ಎಂದಿದ್ದ. ಅಂದು ಭಾನುವಾರವಿತ್ತು. ಗಣಿತದ ಮಾಸ್ತರನಿಗೆ ವಾರ ಎಣಿಸಲೂ ಬರುವುದಿಲ್ಲವೇ?

ಅವನ ಚಿಂತೆ ಹಾಗಿರಲಿ, ಅವಳಿಗೇ ಇಂದು ಬೇರೆ ಚಿಂತೆಯಿತ್ತು. ಸಂಜೆ ನಿಡೋಣಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅನುಕೂಲಸ್ಥರು, ಒಳ್ಳೆಯ ಮನೆತನ. ಆದರೆ ಮದುವೆಯಾದ ಮೇಲೆ ಹುಡುಗಿ ಮೈಕು ಹಿಡಿದು ಊರು ಸುತ್ತುವುದು ಬೇಡವೆಂದು ಮೊದಲೇ ಹೇಳಿ ಕಳಿಸಿದ್ದರು. ಅಪ್ಪ ಶಂಕ್ರೆಪ್ಪ ಕೆಟ್ಟವನಲ್ಲ. ಮನಸ್ಸಿನಲ್ಲಿ ಯಾರಾದರೂ ಇದ್ದರೆ ಈಗಲೇ ಹೇಳು, ಇಲ್ಲದಿದ್ದರೆ ಹೂಂ ಅನ್ನು ಎಂದು ಬೆಳಿಗ್ಗೆ ಕೇಳಿದ್ದ. ಯಾರೂ ಇಲ್ಲ ಎಂದಿದ್ದಳು. ಹಾಗೆನ್ನುವಾಗ ಒಂದು ಬಿಳಿ ಅಂಗಿ ಕಣ್ಮುಂದೆ ಸುಳಿದದ್ದು ನಿಜ. ಆದರೆ ಬಾಯಿ ಬಿಡದ, ಮನೆಯ ಅನ್ನ ಮುಟ್ಟದ ಗಂಡಸನ್ನು ನಂಬಿ ಅಪ್ಪನಿಗೆ ಏನಂತ ಹೇಳುವುದು?

ರೋಜಾದ ಅಂಗಳದಲ್ಲಿ ಅವಳು ವಿವರಿಸುತ್ತಿದ್ದಾಗ ಅವನು ಕಂಬಕ್ಕೆ ಒರಗಿ ನಿಂತಿದ್ದ. ಎಲ್ಲರ ಕಣ್ಣು ಕಲ್ಲಿನ ಕೆತ್ತನೆಯ ಮೇಲಿದ್ದರೆ ಇವನ ಕಣ್ಣು ಅವಳ ಮೇಲೆ. ಅವಳು ನೋಡಿದರೆ ಬಾಟಲಿಯ ಮುಚ್ಚಳ ತಿರುಗಿಸುವನು; ಅವಳು ಅತ್ತ ತಿರುಗಿದರೆ ಮತ್ತೆ ಅದೇ ನೋಟ. ಆ ಗಡಿಬಿಡಿಯಲ್ಲಿ ಐಶ್ವರ್ಯ ಮಸೀದಿಯ ಕಡೆ ಕೈ ಮಾಡಿ, ಸುಲ್ತಾನ ಮಲಗಿರುವುದು ಇಲ್ಲೇ ಎಂದುಬಿಟ್ಟಳು. ಧಾರವಾಡದಿಂದ ಬಂದಿದ್ದ ನಿವೃತ್ತ ಟೀಚರ್ ಭಾಗೀರಥೀಬಾಯಿ ಕನ್ನಡಕ ಏರಿಸಿ, ಗೋರಿ ಆ ಕಡೆಯದಲ್ಲವೇ ಎಂದು ಮೆಲ್ಲಗೆ ಕೇಳಿದರು. ಐಶ್ವರ್ಯಳ ಮುಖ ಕೆಂಪಾಯಿತು.

“ಮೂರನೇ ಸಲಾ ಬಂದೀರಿ. ನೀವರೆ ಹೇಳಬಾರದೇನ್ರಿ, ತಪ್ಪಂತ?” ಎಂದು ಹೊರಗೆ ಬರುವಾಗ ಅವನನ್ನು ತಡೆದು ಕೇಳಿದಳು.

“ನೀವು ಹೇಳಿದ ಮ್ಯಾಲೆ ಸುಲ್ತಾನನೇ ಎದ್ದು ಈ ಕಡೆ ಬರಬೇಕ್ರಿ,” ಎಂದ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವಳಿಗೇ ನಗು ತಡೆಯಲಾಗಲಿಲ್ಲ.

ತಿಕೋಟಾ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ರೇಣುಕವ್ವ ರೊಟ್ಟಿ, ಎಣಗಾಯಿ, ಹೋಳಿಗೆ ಮಾಡಿ ದಾರಿ ಕಾಯುತ್ತಿದ್ದಳು. ಈ ಸಲ ಮಾಸ್ತರರನ್ನು ಬಿಡುವುದಿಲ್ಲ ಎಂದು ತುಪ್ಪದ ಬಟ್ಟಲನ್ನೂ ಹಿಡಿದು ಬಂದಳು. ಅವನು ಕೈಮುಗಿದ. ಚಹಾ ಅಷ್ಟೇ ಸಾಕು ಎಂದ. ಅವ್ವನ ಮುಖ ಸಣ್ಣಗಾದದ್ದನ್ನು ನೋಡಿ ಐಶ್ವರ್ಯಳಿಗೆ ಮೈಯೆಲ್ಲ ಉರಿಯಿತು. ಒಣದ್ರಾಕ್ಷಿ ತೋರಿಸುತ್ತೇನೆ ಬನ್ನಿ ಎಂದು ಅವನನ್ನು ಶೆಡ್ಡಿಗೆ ಕರೆದೊಯ್ದಳು. ಬಲೆಯ ಮೇಲೆ ಹರವಿದ ದ್ರಾಕ್ಷಿಯ ಸಿಹಿ ವಾಸನೆ ಅಲ್ಲೆಲ್ಲ ತುಂಬಿತ್ತು.

“ಖರೇ ಹೇಳ್ರಿ. ನಮ್ಮ ಮನಿ ಊಟ ನಿಮಗ್ಯಾಕ ಸೇರಂಗಿಲ್ಲ? ನಾವೇನು ನಿಮಗ ಕಡಿಮಿ ಆದವ್ರೇನು?”

ಅವನು ಗಾಬರಿಯಾದ. ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ:

“ಹೆಣ್ಣು ಕೇಳೋ ಮನ್ಯಾಗ ಮಾತು ಕುದರೋತನಕಾ ಉಣ್ಣಬಾರದ್ರಿ. ಚಾ, ಚುರಮುರಿ ನಡೀತೈತಿ, ಊಟ ನಡಿಯಂಗಿಲ್ಲ. ನಮ್ಮ ಆಯಿ ಹಂಗ ಕಲಿಸ್ಯಾಳ.”

ಐಶ್ವರ್ಯ ಅಲ್ಲೇ ಕಲ್ಲಾದಳು. ಈ ಸೀಮೆಯಲ್ಲಿ ಅದು ಯಾರಿಗೆ ಗೊತ್ತಿಲ್ಲ? ಅವಳನ್ನು ನೋಡಲು ಬಂದವರನ್ನೆಲ್ಲ ಅವ್ವ ಚಹಾ, ಚುರಮುರಿ ಕೊಟ್ಟೇ ಕಳಿಸಿದ್ದಳು. ಟೂರಿನವನೆಂದು ಅವಳು ತಿಳಿದವನು ತನ್ನಷ್ಟಕ್ಕೆ ತಾನೇ ಗಂಡಾಗಿ ಬಂದು ಹೋಗುತ್ತಿದ್ದ, ಅದೂ ಹಸಿದ ಹೊಟ್ಟೆಯಲ್ಲಿ.

“ಮೊದಲನೇ ಸಲ ಬಂದಾಗೂ ನೀವು ಉಂಡಿಲ್ಲಲ್ರಿ?”

“ಅವತ್ತ ಗುಮ್ಮಟದ ಮೆಟ್ಟಲಾ ಇಳಿಯೂದ್ರಾಗನ ಮನಸ್ಸು ಆಗಿತ್ರಿ.”

ಮತ್ತೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ನೀವು ಒಲ್ಲೆ ಅಂದರೆ ಟೂರೂ ತಪ್ಪುತ್ತದಲ್ಲ ಎಂಬ ಹೆದರಿಕೆ ಎಂದ. ಅವಳು ನಿಡೋಣಿಯ ವಿಷಯ ಹೇಳಿದಳು. ಅವನ ಮುಖದ ಕಳೆಯೇ ಇಳಿದುಹೋಯಿತು.

“ಅವರು ಈ ಕೆಲಸಾ ಬಿಡಬೇಕಂತಾರ. ನೀವೇನಂತೀರಿ?”

“ನೀವು ಬಿಟ್ರ ನನಗ ಊರು ತೋರಸಾವ್ರು ಯಾರದಾರ್ರಿ?”

ಐಶ್ವರ್ಯಳ ಕಣ್ಣು ತುಂಬಿದವು. ತನಗೂ ಅವನ ಮೇಲೆ ಮನಸ್ಸಿದೆ ಎಂದು ಹೇಳಿಯೇ ಬಿಟ್ಟಳು. ಹೇಳಿದ ಮೇಲೆ ಎದೆ ಹಗುರಾಯಿತು.

“ಆದ್ರ ಇದನ್ನ ನನ್ನ ಮುಂದ ಹೇಳಿದ್ರ ಆಗಂಗಿಲ್ರಿ. ನಮ್ಮಪ್ಪನ ಮುಂದ ಹೇಳ್ರಿ. ಈಗ.”

ಅವರು ಒಳಗೆ ಬರುವಷ್ಟರಲ್ಲಿ ರೇಣುಕವ್ವ ಹಟಕ್ಕೆ ಬಿದ್ದು ಅವನಿಗೊಂದು ತಾಟು ಬಡಿಸಿಯೇ ಇಟ್ಟಿದ್ದಳು. ಸಿದ್ದಲಿಂಗೇಶ ಅದರ ಮುಂದೆ ಕೂತ, ಆದರೆ ಕೈ ಹಚ್ಚಲಿಲ್ಲ. ಶಂಕ್ರೆಪ್ಪನ ಕಡೆ ತಿರುಗಿ ತನ್ನ ಊರು, ಮನೆತನ, ಅಪ್ಪನ ಹೆಸರು ಎಲ್ಲ ತೊದಲುತ್ತ ಹೇಳಿ, ನಿಮ್ಮ ಮಗಳನ್ನು ಕೇಳಲು ಬಂದಿದ್ದೇನೆ, ಅವಳ ಕೆಲಸ ಅವಳದೇ ಎಂದ. ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು.

ಶಂಕ್ರೆಪ್ಪ ಮಗಳನ್ನು ನೋಡಿದ.

“ಮುಂಜಾನಿ ಸುಳ್ಳ ಹೇಳಿದ್ನೆಪ್ಪಾ,” ಎಂದಳು ಐಶ್ವರ್ಯ.

ಅಪ್ಪ ಹುಬ್ಬು ಗಂಟಿಕ್ಕಿಯೇ ಹೆಂಡತಿಯ ಕಡೆ ತಿರುಗಿದ.

“ಇವರ ಮುಂದಿನ ತಾಟು ತಗಿ.”

ಅಯ್ಯೋ ಪಾಪ, ಬಿಸಿಲಲ್ಲಿ ಬಂದ ಹುಡುಗ ಎಂದು ಭಾಗೀರಥೀಬಾಯಿ ಮರುಗಿದರು. ಐಶ್ವರ್ಯ ಮಾತ್ರ ಆ ಮಾತು ಕಿವಿಗೆ ಬಿದ್ದೊಡನೆ ಚಹಾ ಇಡಲು ಖುಷಿಯಿಂದ ಒಲೆಯ ಕಡೆ ಓಡಿದಳು.

“ಚಾ, ಚುರಮುರಿ ಕೊಡು,” ಎಂದ ಶಂಕ್ರೆಪ್ಪ. “ಹಿರ್ಯಾರನ್ನ ಕರಕೊಂಡು ಬಂದು ಮಾತು ಮುಗಿಸಲಿ. ಊಟ ಆಮ್ಯಾಲೆ.” ಹಾಗೆಂದು ನಿಡೋಣಿಗೆ ಫೋನು ಹಚ್ಚುತ್ತ ಅಂಗಳಕ್ಕೆ ಹೋದ.

ಚಹಾ ಒಯ್ದವಳು ಐಶ್ವರ್ಯಳೇ. ಎಷ್ಟೋ ಮಂದಿ ನೋಡಲು ಬಂದವರಿಗೆ ತಲೆ ತಗ್ಗಿಸಿ ಚಹಾ ಕೊಟ್ಟಿದ್ದಳು. ಈ ಸಲ ತಲೆ ತಗ್ಗಿಸಲಿಲ್ಲ. ಕಪ್ಪು ಅವನ ಕೈಗಿಟ್ಟು, ಎದುರಿಗೇ ಕೂತು, ಅವನು ಕುಡಿದು ಮುಗಿಸುವವರೆಗೆ ಕಣ್ತುಂಬ ನೋಡಿದಳು.